ಗೆರ್ಟ್ರೂಡ್ ಮಾವ್ಶಿಯ ದಲ್ಲಾಳಿಗಳು

ನನ್ನ ತಾಯಿಯ ಅಕ್ಕ ಗೆರ್ಟ್ರೂಡ್ ಮಾವ್ಶಿ ಹೆರಿಗೆ ನರ್ಸ್. ಅರ್ಧ ಮಂಗಳೂರಿನ ಮಕ್ಕಳನ್ನು ಈ ಲೋಕಕ್ಕೆ ಎಳೆದು ತಂದವಳು. ರಕ್ತ ಕಂಡರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಬಾಡಿಗೆ ಮನೆಯ ಯಜಮಾನನ ಚಪ್ಪಲಿಯ ಸದ್ದು ಕೇಳಿದರೆ ಮಾತ್ರ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಬಾಗಿಲ ಹಿಂದೆ ಸರಿಯುತ್ತಿದ್ದಳು. ಮದುವೆಯಾಗಲಿಲ್ಲ. ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜಿ ರೊಸಾಲಿನ್‌ಳನ್ನು ನೋಡಿಕೊಂಡು ಹಂಪನಕಟ್ಟೆಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿದ್ದಳು.

೧೯೫೮ರ ಬೇಸಿಗೆಯಲ್ಲಿ ಯಜಮಾನನಿಗೆ ಅಂಗಡಿ ದೊಡ್ಡದು ಮಾಡುವ ಮನಸ್ಸಾಯಿತು. ಮಳೆಗಾಲಕ್ಕೆ ಮುಂಚೆ ಕೋಣೆ ಬಿಡಿ ಎಂದ. ಮಾವ್ಶಿ ಕೈಮುಗಿದು, "ನಮ್ಮನ್ನು ಎಬ್ಬಿಸಬೇಡಿ" ಎಂದು ಬೇಡಿಕೊಂಡಳು. ಉತ್ತರವಾಗಿ ಅವನು ಗೋಡೆ ಅಳೆಯಲು ಆಳು ಕಳಿಸಿದ. ಆ ಪುಣ್ಯಾತ್ಮ ಅಜ್ಜಿಯ ಮಂಚದ ಮೇಲಿಂದಲೇ ಟೇಪು ಎಳೆದ. ಅಂದಿನಿಂದ ಮಾವ್ಶಿಗೆ ಅಜ್ಜಿಯನ್ನು ಮಂಚ ಸಮೇತ ಬೀದಿಯಲ್ಲಿ ಇಡುವುದೇ ಕಣ್ಣಿಗೆ ಕಟ್ಟುತ್ತಿತ್ತು. ದುಡಿದು ಕೂಡಿಟ್ಟದ್ದರಲ್ಲಿ ಸಣ್ಣದೊಂದು ಮನೆ ಬರುತ್ತಿತ್ತು. ಅದನ್ನು ತೋರಿಸಲು ದಲ್ಲಾಳಿ ಬೇಕಿತ್ತು.

ಮೊದಲು ಸಿಕ್ಕಿದವನು ಬಂದರಿನ ಕಡೆಯ ಬ್ಯಾರಿ ಅಲಿಯಬ್ಬ. ಮೈಗಿಂತ ಗಂಟಲು ದೊಡ್ಡದು. ಯಾವ ಮನೆ ತೋರಿಸಿದರೂ ಮೊದಲು ಅದರ ಹುಳುಕನ್ನೇ ಹೇಳುತ್ತಿದ್ದ. "ಈ ಬಾವಿ ಬೇಸಿಗೆಗೆ ಬತ್ತುತ್ತದೆ ಬಾಯಮ್ಮ! ಆ ಮಾಡಿನ ಪಕ್ಕಾಸಿಗೆ ಗೆದ್ದಲು ಉಂಟು, ಮೇಲೆ ನೋಡಿ!" ಮಾವ್ಶಿ ಚಾವಡಿಯಲ್ಲಿ ಮುದುಡಿ ಕುಳಿತರೆ, "ಇಲ್ಲಿ ಕೂತು ಎಂತ ಮಾಡ್ತೀರಿ? ಒಳಗೆ ಹೋಗಿ ಹೆಂಗಸರ ಹತ್ರ ಮಾತಾಡಿ ಮಾರಾಯ್ತಿ!" ಎಂದು ಗದರುತ್ತಿದ್ದ. ಮೊದಲೇ ಹೆದರಿದವಳು ಇನ್ನೂ ಹೆದರಿದಳು. ಇವನ ಸಹವಾಸವೇ ಬೇಡವೆಂದು ಬಿಟ್ಟುಬಿಟ್ಟಳು.

ಆಮೇಲೆ ಆರಿಸಿಕೊಂಡದ್ದು ಅಲ್ಫೋನ್ಸ್‌ನನ್ನು. ಯಾಕೆ? ಅವನು ನಮ್ಮ ಇಗರ್ಜಿಯವನು, ಮುಂದಿನ ಸಾಲಿನಲ್ಲಿ ಮೊಣಕಾಲೂರುವವನು, ಮೆಲ್ಲನೆ ಮಾತಾಡುವವನು. ಮೊಣಕಾಲೂರುವ ಚೆಂದ ನೋಡಿ ದಲ್ಲಾಳಿಯನ್ನು ಆರಿಸುವ ಜಾಣರು ನಮ್ಮವರಲ್ಲಿ ಮಾತ್ರ ಇರಲು ಸಾಧ್ಯ. ಅಲ್ಫೋನ್ಸ್ ತೋರಿಸಿದ ಮಣ್ಣಗುಡ್ಡದ ಮನೆಗೆ ಹುಳುಕೇ ಇರಲಿಲ್ಲ. ಮಾರುವವರು ಆ ಮನೆಯ ಯಜಮಾನ ತ್ಯಾಂಪಣ್ಣ ಶೆಟ್ಟರು. "ಯಜಮಾನರ ಒಂದು ಮಾತು ಸಾಕು, ನೀವು ಹೆದರಬೇಡಿ" ಎಂದ ಅಲ್ಫೋನ್ಸ್. ಹೆದರಬೇಡಿ ಎಂದು ಅವಳಿಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಮುಂಗಡ ಕೊಡುವ ದಿನ ಆಸ್ಪತ್ರೆಯ ಕೆಲಸ ಮುಗಿಸಿ ಬಿಳಿ ಸೀರೆಯಲ್ಲೇ ಆ ಮನೆಗೆ ಹೋದಳು. ಚಾವಡಿಯಲ್ಲಿ ಶೆಟ್ಟರು ಮತ್ತು ಅಲ್ಫೋನ್ಸ್ ನಗುತ್ತಾ ಮಾತಾಡುತ್ತಿದ್ದರು. ಹೆದರಿಕೆಗೆ ಬಾಯಿ ಒಣಗಿ, ನೀರು ಕೇಳಲು ಮಾವ್ಶಿ ಅಡುಗೆಮನೆಯ ಬಾಗಿಲಿಗೆ ಹೋದಳು. ಒಳಗೆ ಶೆಟ್ಟರ ಅಕ್ಕ ದುಗ್ಗಮ್ಮ, ಇಬ್ಬರು ಹೆಣ್ಣುಮಕ್ಕಳ ಜೊತೆ ಮೀನು ಕೊಯ್ಯುತ್ತಿದ್ದರು.

ಮುದುಕಿ ದುಗ್ಗಮ್ಮ ನರ್ಸಮ್ಮನನ್ನು ನೋಡಿ ನಕ್ಕುಬಿಟ್ಟರು. "ಇದೆಂತ ಬಾಯಮ್ಮ? ನಮ್ಮಲ್ಲಿ ಈಗ ಯಾರೂ ಬಸುರಿ ಇಲ್ಲವಲ್ಲ!"

"ಅಲ್ಲ, ನಾನು ಮನೆಯ ವ್ಯಾಪಾರಕ್ಕೆ ಬಂದದ್ದು."

"ಯಾವ ಮನೆ?"

ಮಾವ್ಶಿಗೆ ಆಗ ನೆನಪಾಯಿತು. ಶೆಟ್ಟರದು ಅಳಿಯಸಂತಾನದ ಮನೆ. ಸೊತ್ತು ಹೆಂಗಸರ ಸಂತತಿಗೆ ಸೇರಿದ್ದು. ಗಂಡಸು ನೋಡಿಕೊಳ್ಳುವ ಯಜಮಾನ ಮಾತ್ರ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅವಳಿಗೂ ಗೊತ್ತಿತ್ತು. ಮನೆ ಸಿಕ್ಕಿತೆಂಬ ಆಸೆಯಲ್ಲಿ ಒಳಗಿನವರನ್ನು ಕೇಳಬೇಕೆಂದು ತೋಚಿರಲಿಲ್ಲ.

ದುಗ್ಗಮ್ಮನ ನಗು ಆರಿಹೋಯಿತು. ಮೀನಿನ ಕೈಯನ್ನೇ ಜೋಡಿಸಿದರು. "ನಮ್ಮನ್ನು ಎಬ್ಬಿಸಬೇಡಿ ಬಾಯಮ್ಮ. ಈ ಮಕ್ಕಳನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಲೋಕಕ್ಕೆಲ್ಲ ಹೆದರಿ ಬದುಕಿದವಳಿಗೆ ಹೆದರಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.  ಅಲ್ಫೋನ್ಸ್ ಹಿಂದಿನಿಂದ ಬಂದು ಮೆಲ್ಲನೆ, "ಹೆಂಗಸರಿಗೆ ಎಂತ ಗೊತ್ತುಂಟು? ನೀವು ಒಮ್ಮೆ ಬಂದು ಕೂತರೆ ಅವರೇ ಏಳ್ತಾರೆ" ಎಂದ. ಅದು ಸುಳ್ಳಲ್ಲ. ಕೋರ್ಟು ಕಚೇರಿ ಎಂದು ತಿರುಗುವ ಶಕ್ತಿ ಆ ಹೆಂಗಸರಿಗೆ ಇರಲಿಲ್ಲ. ಹೂಂ ಎಂದರೆ ಸಾಕು, ಅಜ್ಜಿಯ ಮಂಚಕ್ಕೆ ಜಾಗವಾಗುತ್ತಿತ್ತು.

"ನನಗೆ ಬೇಡ" ಎಂದಳು ಮಾವ್ಶಿ. ಯಾರಿಗೂ ಬೇಡ ಎಂದು ಹೇಳಿ ಗೊತ್ತಿಲ್ಲದ ಬಾಯಿ, ಅದಕ್ಕೇ ಮಾತು ಜೋರಾಗಿ ಬಂತು. ಅಲ್ಫೋನ್ಸ್, ಅವಳು ಇಗರ್ಜಿಯಲ್ಲಿ ಮುಖ ತೋರಿಸದ ಹಾಗೆ ಮಾಡುತ್ತೇನೆಂದು ಕೂಗಿದ. ಅವಳು ಬಿಸಿಲಲ್ಲೇ ಹಂಪನಕಟ್ಟೆಗೆ ನಡೆದಳು. ಹೋಗುವಾಗಿನದಕ್ಕಿಂತ ಹೆಚ್ಚು ಹೆದರಿಕೆ ಹೊತ್ತು ಬಂದಳು. ಮನೆ ಇರಲಿಲ್ಲ, ಮೋಡ ಕಟ್ಟಲು ಶುರುವಾಗಿತ್ತು.

ಮರುದಿನ ತಾನಾಗಿಯೇ ಅಲಿಯಬ್ಬನ ಹತ್ತಿರ ಹೋದಳು. ಅವನು ಮನಸಾರೆ ಬೈದ. ಬೈದು ಮುಗಿಸಿ, ಬಂದರಿನ ಹಿಂದೆ ಒಂದು ಹೆಂಚಿನ ಮನೆ ತೋರಿಸಿದ. "ಕಿಟಕಿ ಮುರಿದಿದೆ, ಗಾಳಿಗೆ ಒಣಮೀನಿನ ವಾಸನೆ ಬರ್ತದೆ, ಮತ್ತೆ ನನಗೆ ಹೇಳ್ಬೇಡಿ" ಎಂದ. ಮನೆ ಬೀಫಾತಿಮ್ಮ ಎಂಬ ವಿಧವೆಯದು. ಅಲಿಯಬ್ಬ ಕಿಟಕಿ ತೋರಿಸುತ್ತಿದ್ದ ಹಾಗೆಯೇ ಮಾವ್ಶಿ ನೇರವಾಗಿ ಒಳಗೆ ಹೋಗಿ, ಒಲೆಯ ಮುಂದೆ ಕುಳಿತಿದ್ದ ಅವರನ್ನು ಕೇಳಿದಳು: "ನಿಮಗೆ ಇಲ್ಲಿಂದ ಹೋಗ್ಲಿಕ್ಕೆ ಮನಸ್ಸುಂಟಾ? ಯಾರಾದರೂ ಒತ್ತಾಯ ಮಾಡಿದ್ದಾರಾ?"

ಬೀಫಾತಿಮ್ಮ ಅವಳ ಮುಖವನ್ನೇ ನೋಡಿದರು. "ಒತ್ತಾಯ ಎಂತದ್ದು? ಮಗಳ ಹತ್ರ ಹೋಗ್ಲಿಕ್ಕೆ ಯಾವಾಗಿಂದ ಕಾಯ್ತಾ ಇದ್ದೇನೆ. ನೀವು ಯಾಕೆ ಹೀಗೆ ನಡುಗ್ತೀರಿ? ಬನ್ನಿ, ನಿಮ್ಮದೇ ಮನೆ, ಕೂತ್ಕೊಳ್ಳಿ."

ಮಾವ್ಶಿ ಆ ಒಲೆಯ ಮುಂದೆಯೇ ಕುಳಿತು, ಬಿಕ್ಕಿ ಬಿಕ್ಕಿ ಅತ್ತಳು.