ದುಲ್ಮಾಳ ಗಾಡಿ ನಿಲ್ಲುವಂತಿಲ್ಲ

ದುಲ್ಮಾಳಿಗೆ ಕಂಪನಿ ಇನ್ನೂ ಕೊಡಬೇಕಾಗಿರುವುದು ಐದು ತಿಂಗಳ ಸಂಬಳ, ಒಂದೂವರೆ ಕೋಟಿ ತುಗ್ರಿಕ್. ಕೋಟಿ ಎಂದ ಕೂಡಲೇ ಬಾಯಿ ಬಿಡಬೇಡಿ. ಇಲ್ಲಿ ಒಂದು ಕುರಿಗೇ ಎರಡೂವರೆ ಲಕ್ಷ. ಗೋಬಿಯ ಗಣಿಯಿಂದ ಚೀನಾ ಗಡಿಯವರೆಗೆ ಹದಿನೆಂಟು ವರ್ಷ ಕಲ್ಲಿದ್ದಲು ಲಾರಿ ಹೊಡೆದ ಹೆಂಗಸಿಗೆ ಅರವತ್ತು ಕುರಿಯಷ್ಟು ದುಡ್ಡು ಬಾಕಿ, ಅಷ್ಟೇ. ಗಡಿಯಲ್ಲಿ ಲಾರಿಗಳ ಸಾಲು ನಿಂತಾಗ ಅವಳು ಹತ್ತು ಹನ್ನೆರಡು ದಿನ ಗಾಡಿಯಲ್ಲೇ ಬೇಯಿಸಿಕೊಂಡು, ಗಾಡಿಯಲ್ಲೇ ಮಲಗಿ, ಗಾಡಿಯ ಹಿಂದೆಯೇ ಉಚ್ಚೆ ಹೊಯ್ದು ಬದುಕಿದವಳು. ಈಗ ಐವತ್ತಾರು. ಕುರ್ಚಿಯ ಮೇಲೆ ಕೂರಿಸಿದರೂ ಅವಳ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಲೇ ಇರುತ್ತದೆ.

ಇಂಥವಳು ಧರಣಿ ಕೂರಬೇಕಾಗಿ ಬಂತು.

ಉಲಾನ್‌ಬಾತರಿನ ಕಂಪನಿ ಕಚೇರಿ ಎದುರು ನಲವತ್ತು ಚಾಲಕರು ಸೇರಿ ಅಕ್ಟೋಬರಿನಲ್ಲಿ ಒಂದು ಗೆರ್ ಹಾಕಿದರು. ಗೆರ್ ಎಂದರೆ ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ಗುಂಡು ಡೇರೆ. ಅವರ ಪಾಲಿಗೆ ಮನೆ ಎಂದರೆ ಅದೇ. ಎರಡು ಗಂಟೆಯೊಳಗೆ ನಗರದ ಇನ್‌ಸ್ಪೆಕ್ಟರ್ ಬಂದು ಕೀಳಿಸಿದ. ಅನುಮತಿಯಿಲ್ಲದೆ ರಸ್ತೆಬದಿ ಡೇರೆ ಹಾಕುವಂತಿಲ್ಲ. ಡೇರೆಯಿಲ್ಲದೆ ಯಾರೂ ಇಲ್ಲಿ ಡಿಸೆಂಬರ್ ದಾಟುವುದಿಲ್ಲ, ಕಂಪನಿಗೆ ಅದು ಚೆನ್ನಾಗಿ ಗೊತ್ತು. ಚಳಿ ಅವರ ವಕೀಲ, ಫೀಸೂ ಕೇಳುವುದಿಲ್ಲ.

ಮಡಚಿದ ಡೇರೆಯ ಮೇಲೆ ಕೂತು ದುಲ್ಮಾ ಕೇಳಿದಳು: "ಡೇರೆ ಹಾಕಬಾರ್ದು ಅಂತ ಕಾನೂನಿದೆ. ಗಾಡಿ ನಿಲ್ಲಿಸಬಾರ್ದು ಅಂತ ಇದೆಯೇನೋ?"

"ಪಾರ್ಕಿಂಗ್ ಚೀಟಿ ತಗೊಂಡ್ರೆ ಎಷ್ಟು ದಿನ ಬೇಕಾದ್ರೂ ನಿಲ್ಲಿಸ್ಬೋದಕ್ಕಾ" ಎಂದ ಸಂಬೂ. ಅವನೂ ಲಾರಿ ಚಾಲಕನೇ, ತಂತಿ ಬಲ್ಬಿನ ಕೆಲಸದಲ್ಲಿ ಕೈ ಚುರುಕು.

ಮರುದಿನವೇ ಅವಳು ಊರಾಚೆಯ ಗುಜರಿಗೆ ಹೋಗಿ ಹದಿನೆಂಟು ಕುರಿ, ಒಂದು ಬೈಕು ಕೊಟ್ಟು ಮೂವತ್ತು ವರ್ಷ ಹಳೆಯ ಜಪಾನಿನ ಕ್ಯಾಂಪರ್ ವ್ಯಾನ್ ಎಳೆಸಿಕೊಂಡು ಬಂದಳು. ಮಲಗಲು ಹಾಸಿಗೆ, ಬೇಯಿಸಲು ಗ್ಯಾಸಿನೊಲೆ, ಪುಟ್ಟ ಸಿಂಕು, ಮೇಲಕ್ಕೆತ್ತುವ ಮಾಡು, ಎಲ್ಲ ಇದ್ದ ಗಾಡಿ ಒಂದು ಕಾಲಕ್ಕೆ. ಈಗ ನೆಲದ ತಗಡಿಗೆ ಬೆರಳು ತೂರಿಸಿದರೆ ರಸ್ತೆ ಸಿಗುತ್ತಿತ್ತು. ಸಿಂಕಿನ ಕೆಳಗೆ ಇಲಿ ಸಂಸಾರ ಹೂಡಿತ್ತು. ಕಪಾಟಿನಲ್ಲಿ ಗಾಳದ ಡಬ್ಬಿಯೊಂದು ಸಿಕ್ಕಿತು.

"ಇದ್ರಲ್ಲಿ ಮೀನು ಹಿಡಿಯಕ್ಕೆ ಹೋಗ್ತಿದ್ರು ಕಣಕ್ಕಾ ಜಪಾನಿನೋರು!" ಎಂದ ಸಂಬೂ.

"ಹೋಗ್ಲಿ ಬಿಡು. ನಾವು ಸಂಬಳ ಹಿಡಿಯಕ್ಕೆ ಹೋಗೋಣ. ಆ ಗ್ರೈಂಡರ್ ಕೊಡಿಲ್ಲಿ."

ಐದು ವಾರ ದುಲ್ಮಾ ಗಾಡಿಯ ಕೆಳಗೇ ಇದ್ದಳು. ಕೊಳೆತ ನೆಲವನ್ನು ಕತ್ತರಿಸಿ ತೆಗೆದು, ಹಳೆಯ ಲಾರಿಯ ತಗಡು ಬೆಸೆದಳು. ಎಂಜಿನ್ ಇಳಿಸಿ ರಿಂಗು, ಹೀಟರ್ ಪ್ಲಗ್ಗು, ಬೆಲ್ಟು ಬದಲಿಸಿದಳು. ಬೆರಳಿನ ಚರ್ಮ ಸ್ಪ್ಯಾನರಿಗೆ ಅಂಟಿ ಕಿತ್ತು ಬಂದರೂ ಕೆಲಸ ಬಿಡಲಿಲ್ಲ. ಬಿಟ್ಟರೆ ತಾನೇ ಕೂರಬೇಕಾದ್ದು? ಸಂಬೂ ಹಳೆಯ ಟ್ಯೂಬ್‌ಲೈಟ್ ಕಿತ್ತು ಎಲ್‌ಇಡಿ ಪಟ್ಟಿ ಹಾಕಿದ, ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿ ಅದಕ್ಕೆಂದೇ ಹೊಸ ಬ್ಯಾಟರಿ ಇಟ್ಟ, ಫೋನ್ ಚಾರ್ಜಿಗೆ ಹನ್ನೆರಡು ತೂತಿನ ಹಲಗೆ ಹೊಡೆದ. ಮೇಲಕ್ಕೆತ್ತುವ ಮಾಡಿನ ಬಟ್ಟೆ ಹರಿದಿತ್ತು, ಅದನ್ನು ಮುಚ್ಚಿ ಬೆಸೆದುಬಿಟ್ಟರು. ಗೋಡೆಗಳಿಗೆ ಕೀಳಿಸಿಕೊಂಡ ಡೇರೆಯ ಕಂಬಳಿಯನ್ನೇ ಕತ್ತರಿಸಿ ಒಳಗಿನಿಂದ ಬಡಿದರು. ಗ್ಯಾಸು ಈ ಚಳಿಗೆ ಸಿಲಿಂಡರಿನಲ್ಲೇ ಸತ್ತು ಮಲಗುತ್ತದೆ. ಜಪಾನಿನ ಒಲೆ ಕಿತ್ತೆಸೆದು, ಲಾರಿಯ ಗಾಳಿ ಟ್ಯಾಂಕನ್ನು ಕೊಯ್ದು ಕಲ್ಲಿದ್ದಲಿನ ಒಲೆ ಮಾಡಿ ಮಧ್ಯಕ್ಕೆ ಇಟ್ಟರು. ಮಾಡಿಗೆ ತೂತು ಕೊರೆದು ಹೊಗೆ ಕೊಳವೆ ಏರಿಸಿದರು.

ಬಾಗಿಲಿನ ವಿಷಯಕ್ಕೆ ಜಗಳವೇ ಆಯಿತು. ಜಪಾನಿನಲ್ಲಿ ಗಾಡಿಗಳು ಎಡಕ್ಕೆ ಓಡುತ್ತವೆ, ಅದಕ್ಕೆ ಸರಿಸುವ ಬಾಗಿಲು ಎಡಕ್ಕಿರುತ್ತದೆ. ಇಲ್ಲಿ ಓಡುವುದು ಬಲಕ್ಕೆ. ಹಾಗಾಗಿ ಬಾಗಿಲು ತೆರೆದರೆ ಕಾಲಿಡುವುದು ನೇರ ಬಸ್ಸಿನ ಕೆಳಗೆ. ಸಂಬೂ ಬಲಗಡೆ ಹೊಸ ಬಾಗಿಲು ಕೊರೆಯಲು ಸೀಮೆಸುಣ್ಣದ ಗೆರೆ ಹಾಕಿದ್ದ. ಅಲ್ಲಿಗೆ ಜಂಬಲ್ ಅಜ್ಜ ಬಂದ. ಚಾಲಕರಲ್ಲಿ ಎಲ್ಲರಿಗಿಂತ ಹಿರಿಯ, ಅರವತ್ತೊಂಬತ್ತು, ಅವನ ಬಾಕಿ ಏಳು ತಿಂಗಳದ್ದು.

"ಯಾವ ಕಡೆ ಮುಖ ಮಾಡಿ ನಿಲ್ಲಿಸ್ತೀರೋ ಇದನ್ನ?"

"ಕಚೇರಿ ಕಡೆಯ ರಸ್ತೆ ಅಂಚಿಗೆ ಅಜ್ಜ, ಪಡುವಣಕ್ಕೆ."

"ಹಂಗಾದ್ರೆ ಈಗಿರೋ ಬಾಗಿಲು ತೆಂಕಣಕ್ಕೆ ಬಂತು. ಸರಿಯಾಗೇ ಇದೆ. ನೀನು ಕೊರೆಯೋದು ಬಡಗಣಕ್ಕೆ. ನಿಮ್ಮಪ್ಪ ಬಡಗಣಕ್ಕೆ ಬಾಗಿಲಿಟ್ಟ ಮನೇಲಿ ಹುಟ್ಟಿದ್ನೇನೋ?"

"ಇದು ಮನೆ ಅಲ್ಲ ಅಜ್ಜ, ಗಾಡಿ!"

"ಒಲೆ ಇದೆ. ಕಂಬಳಿ ಇದೆ. ನಾನು ಒಳಗೆ ಮಲಗೋನು. ಬಾಗಿಲು ತೆಂಕಣಕ್ಕಿರ್ಲಿ."

ದುಲ್ಮಾಳೂ ಅಜ್ಜನ ಕಡೆಗೇ ವಾಲಿದಳು. ಬಸ್ಸಿಗೆ ಸಿಕ್ಕಿ ಸತ್ತರೂ ಸಾಯಬಹುದು, ಬಡಗಣ ಬಾಗಿಲಿನ ಮನೆಯಲ್ಲಿ ಬದುಕಲಾಗದು. ಗೆರ್ ಬಾಗಿಲು ಯಾವತ್ತೂ ತೆಂಕಣಕ್ಕೇ, ಅವರ ಲೆಕ್ಕಾಚಾರ ಹಾಗೆ. ಸೀಮೆಸುಣ್ಣದ ಗೆರೆ ಅಳಿಸಿದರು.

ಡಿಸೆಂಬರ್ ಒಂದಕ್ಕೆ ಗಾಡಿ ಕಚೇರಿ ಎದುರು ಬಂದು ನಿಂತಿತು. ಒಂದು ಸಲಕ್ಕೆ ಎಂಟೆಂಟು ಜನ ಒಳಗೆ ಹೋಗಿ ಮೈ ಕಾಯಿಸಿಕೊಂಡು, ಉಪ್ಪು ಹಾಕಿದ ಹಾಲಿನ ಚಹಾ ಕುಡಿದು ಹೊರಬರುವರು. ಧರಣಿ ಗಟ್ಟಿಯಾಯಿತು. ಕಂಪನಿಯವರು ಕಿಟಕಿಯಿಂದ ಇಣುಕಿದರು.

ದುಲ್ಮಾಳಿಗೆ ಮಾತ್ರ ನರಕ. ಕೆಲಸ ಮುಗಿದಿತ್ತು. ಟೈರ್ ಒದ್ದು ನೋಡುವಳು, ಒರೆಸಿದ ಗಾಜನ್ನೇ ಒರೆಸುವಳು. "ಒಂದೇ ಒಂದು ಸಲ ಎಂಜಿನ್ ಸ್ಟಾರ್ಟ್ ಮಾಡ್ತೀನಿ" ಎಂದು ದಿನಾ ಕೇಳುವಳು. ಹೋರಾಟ ಸಮಿತಿ ಸಭೆ ಸೇರಿ, ಕೈ ಎತ್ತಿಸಿ, ನಿರ್ಣಯ ಮಾಡಿತು: ಡೀಸೆಲ್ ಉಳಿಸಬೇಕು, ಎಂಜಿನ್ ಮುಟ್ಟಕೂಡದು. ಸಮಿತಿಗಳ ಬುದ್ಧಿಯೇ ಹಾಗೆ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಸರಿ ಹೇಳಿದವರನ್ನು ಬಹುಮತದಿಂದ ಕೂರಿಸುತ್ತವೆ.

ಹನ್ನೆರಡನೆಯ ಬೆಳಿಗ್ಗೆ ಒಂಬತ್ತಕ್ಕೆ ಅದೇ ಇನ್‌ಸ್ಪೆಕ್ಟರ್ ಬಂದ. ಸುಮ್ಯಾ ಅಂತ ಹೆಸರು, ಮೂವತ್ತರ ಹುಡುಗ. ಹಿಂದೆ ಎಳೆದೊಯ್ಯುವ ಕ್ರೇನು. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.

"ಒಳಗೆ ಬಾ ತಮ್ಮ, ಚಹಾ ಕುಡಿ" ಎಂದ ಜಂಬಲ್.

ಸುಮ್ಯಾ ಒಳಬಂದ. ಗೆರ್‌ನಲ್ಲಿ ಅತಿಥಿಗಳು ಕೂರುವಂತೆ ಎಡಕ್ಕೆ ಹೊರಳಿ ಕೂತ. ಬಲಗೈಯಲ್ಲಿ ಬಟ್ಟಲು ತೆಗೆದುಕೊಂಡ, ಎಡಗೈ ಮೊಣಕೈಗೆ ಆನಿಸಿ. ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟ.

"ಅಕ್ಕಾ, ಇದು ಡೇರೆ. ಕಿತ್ತುಕೊಂಡು ಹೋಗಬೇಕು."

"ಕಣ್ಣು ನೆಟ್ಟಗಿದೆಯಾ? ಸ್ಟಿಯರಿಂಗ್ ಕಾಣ್ತಿಲ್ವಾ?"

"ಮಧ್ಯ ಒಲೆ. ಮೇಲೆ ಕೊಳವೆ. ಸುತ್ತ ಕಂಬಳಿ. ಜೀವ ಹೋಗೋ ಕಡೆಗೆ ಬಾಗಿಲು, ಯಾಕಂದ್ರೆ ಅದು ತೆಂಕಣ. ಅಜ್ಜ ಕೂತಿರೋದು ಹಿರಿಯರ ಜಾಗ." ಆಮೇಲೆ ತನ್ನ ಬೂಟು ತೋರಿಸಿದ. "ಇದೂ ಸಾಕ್ಷಿ. ಒಳಗೆ ಬರೋವಾಗ ಹೊಸಿಲು ತುಳಿಯದೆ ದಾಟಿದೆ. ಗಾಡಿ ಹತ್ತೋವಾಗ ಯಾರಾದ್ರೂ ಹಂಗೆ ದಾಟ್ತಾರಾ? ನನ್ನ ಕಾಲಿಗೇ ಗೊತ್ತು ಇದು ಮನೆ ಅಂತ."

ಅವನು ಹೇಳಿದ್ದು ನಿಜವಾಗಿತ್ತು. ಹನ್ನೆರಡು ದಿನದಲ್ಲಿ ಅವರಲ್ಲಿ ಯಾರೂ ಆ ಹೊಸಿಲು ತುಳಿದಿರಲಿಲ್ಲ.

"ಓಡಿದ್ರೆ ಗಾಡಿ ತಾನೇ?" ಎಂದಳು ದುಲ್ಮಾ.

ಸುಮ್ಯಾ ಗಡಿಯಾರ ನೋಡಿದ. "ಓಡಿದ್ರೆ ಗಾಡಿ. ಹನ್ನೆರಡು ಗಂಟೆವರೆಗೆ ಕಾಯ್ತೀನಿ. ತಳ್ಳಂಗಿಲ್ಲ."

ಅವಳು ಚಾಲಕನ ಸೀಟಿಗೆ ಹಾರಿ ಸೆಲ್ಫ್ ಹೊಡೆದಳು. ಟಕ್ ಎಂದು ಸುಮ್ಮನಾಯಿತು. ಸಂಬೂನ ಮುಖ ಬಿಳಿಚಿಕೊಂಡಿತು. ಮೋಡದ ದಿನಗಳಲ್ಲಿ ಸೋಲಾರು ಸಾಲದೆ, ಆ ಹನ್ನೆರಡು ತೂತಿನ ಹಲಗೆಯನ್ನು ಗಾಡಿಯ ಬ್ಯಾಟರಿಗೇ ಕೊಟ್ಟಿದ್ದ. ನಲವತ್ತು ಜನರ ಫೋನುಗಳು ಅದನ್ನು ಹೀರಿ ಹಾಕಿದ್ದವು.

"ವಿಡಿಯೋ ನೋಡಿದ್ರೇನ್ರೋ ಎಲ್ಲಾ? ಚೆನ್ನಾಗಿತ್ತಾ?" ಎಂದು ದುಲ್ಮಾ ಕೂಗಿದಳು. "ಆ ಸೋಲಾರ್ ಬ್ಯಾಟರಿ ಬಿಚ್ಕೊಂಡು ಬಾ ಸಂಬೂ. ನಿನ್ನೆಯಿಂದ ಬಿಸಿಲಿದೆ, ತುಂಬಿರತ್ತೆ."

ಬ್ಯಾಟರಿ ಬದಲಾಯಿತು. ಈ ಸಲ ಎಂಜಿನ್ ಒಂದೇ ಒಂದು ಸುತ್ತು ನರಳಿ ನಿಂತಿತು. ಒಳಗಿನ ಆಯಿಲು ತಣ್ಣಗಾಗಿ ಡಾಂಬರಿನಂತಾಗಿತ್ತು. ಎರಡನೇ ಸಲ ಹೊಡೆದರೆ ಈ ಬ್ಯಾಟರಿಯೂ ಹೋಗುವುದು ಖಂಡಿತ. ಹತ್ತೂಮುಕ್ಕಾಲು. ಕ್ರೇನಿನವನು ಸರಪಳಿ ಬಿಚ್ಚುತ್ತಿದ್ದ.

ದುಲ್ಮಾ ಒಲೆಯ ಮುಂದೆ ಕೂತು ತಗಡಿನ ತಟ್ಟೆಗೆ ಕೆಂಡ ಎಳೆಯತೊಡಗಿದಳು.

ಜಂಬಲ್ ಅವಳ ಕೈ ಹಿಡಿದ. "ಒಲೆಯ ಬೆಂಕಿ ಹೊರಗೆ ಹಾಕ್ತೀಯಾ? ಬೀದಿಗೆ? ತಲೆ ಕೆಟ್ಟಿದೆಯಾ? ಒಲೆಯ ಬೆಂಕಿ ಹೊಸಿಲು ದಾಟಿದ್ರೆ ಮನೆ ಉದ್ಧಾರ ಆಗತ್ತಾ?"

"ಮನೆ ಅಂತ ಅವನು ಬರ್ಕೊಂಡಿದ್ದಾನೆ ಅಜ್ಜ. ನೀನೂ ಹಂಗೇ ಅನ್ನು. ಕೂಗಿ ಹೇಳು, ಕೇಳಿಸ್ಲಿ ಅವನಿಗೆ."

ಅಜ್ಜ ಬಾಗಿಲ ಬಳಿ ನಿಂತಿದ್ದ ಸುಮ್ಯಾನನ್ನು ನೋಡಿದ. ಕೈ ಬಿಟ್ಟ.

ಅವಳು ತಟ್ಟೆ ಹಿಡಿದು ಎದ್ದಳು. ಬಾಗಿಲಿಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ, ಹೊಸಿಲ ಮೇಲೆ ಬೂಟುಗಾಲು ಊರಿ ನಿಂತಳು. ಎರಡೂ ಕಾಲು. ಹಿಂದಿನಿಂದ ಯಾರೋ ಹಲ್ಲಿನ ನಡುವೆ ಉಸಿರೆಳೆದುಕೊಂಡರು. ಐವತ್ತಾರು ವರ್ಷದಲ್ಲಿ ಅವಳು ಒಮ್ಮೆಯೂ ಮಾಡದ ಕೆಲಸ ಅದು. ಇಳಿದಳು, ಅಂಗಾತ ಮಲಗಿ ಎಂಜಿನ್ ಕೆಳಗೆ ತೂರಿದಳು, ಆಯಿಲ್ ಚೇಂಬರಿನ ಅಡಿಗೆ ಕೆಂಡ ಸರಿಸಿದಳು. ಚಾಲಕರು ಸುತ್ತ ಕೋಟುಗಳನ್ನು ಹಿಡಿದು ಗಾಳಿ ತಡೆದರು. ತಟ್ಟೆ ತಣ್ಣಗಾಗುತ್ತಲೇ ಇನ್ನೊಂದು, ಮತ್ತೊಂದು. ಮೂರನೆಯ ತಟ್ಟೆಯನ್ನು ತಂದುಕೊಟ್ಟವನು ಜಂಬಲ್. ಅವನು ಹೊಸಿಲು ತುಳಿಯಲಿಲ್ಲ, ಕೈ ಚಾಚಿ ಕೊಟ್ಟ.

ಹನ್ನೊಂದೂಮುಕ್ಕಾಲಿಗೆ ಸೆಲ್ಫ್ ಹೊಡೆದಳು. ಎಂಜಿನ್ ಕೆಮ್ಮಿತು, ಕರಿ ಹೊಗೆ ಉಗುಳಿತು, ಹಿಡಿಯಿತು. ಹೊಗೆ ಕೊಳವೆಯಿಂದ ಒಂದು ಹೊಗೆ, ಹಿಂದಿನ ಕೊಳವೆಯಿಂದ ಇನ್ನೊಂದು. ಒಲೆ ಉರಿಯುತ್ತಿದ್ದಂತೆಯೇ ಗಾಡಿ ಕಂಪನಿಯ ಮುಂದಿನಿಂದ ಹೊರಟು, ಬೀದಿ ಬಳಸಿ, ಆರು ನಿಮಿಷಕ್ಕೆ ತಿರುಗಿ ಬಂತು.

ಬರುವಷ್ಟರಲ್ಲಿ ಕಂಪನಿಯವರು ಖಾಲಿ ಜಾಗಕ್ಕೆ ತಮ್ಮದೊಂದು ಕಾರು ತೂರಿಸಲು ನೋಡಿದ್ದರು. ಜಂಬಲ್ ಅಲ್ಲಿ ಕಾಲು ಚಾಚಿ ಮಲಗಿದ್ದ.

ಸುಮ್ಯಾ ತನ್ನ ಕಾಗದದಲ್ಲಿ ಏನೋ ಹೊಡೆದುಹಾಕಿ ಬರೆದ. "ಗಾಡಿ. ಒಪ್ಪಿದೆ. ಮೂರು ಗಂಟೆಗಿಂತ ಜಾಸ್ತಿ ನಿಂತ್ರೆ ಮತ್ತೆ ಡೇರೆ. ದಿನಾ ಬಂದು ನೋಡ್ತೀನಿ."

"ರಾತ್ರಿನೂ?"

"ರಾತ್ರಿನೂ ಅಕ್ಕಾ. ನನಗೂ ಮೇಲಿನೋರಿದ್ದಾರೆ."

ಶಿಕ್ಷೆಯೆಂದುಕೊಂಡು ಅವನು ಹೇಳಿದ. ದುಲ್ಮಾಳ ಮುಖ ಮಾತ್ರ ಎರಡು ತಿಂಗಳಲ್ಲಿ ಮೊದಲ ಸಲ ಸಡಿಲಾಯಿತು.

ಇವತ್ತಿಗೆ ಐವತ್ತೆರಡು ದಿನ. ಮೂರು ಗಂಟೆಗೊಮ್ಮೆ ಗಾಡಿ ಹೊರಡುತ್ತದೆ, ಬೀದಿ ಸುತ್ತಿ ಬರುತ್ತದೆ. ಅಷ್ಟು ಹೊತ್ತು ಜಾಗ ಕಾಯಲು ಪ್ರತಿ ಸಲವೂ ಜಂಬಲ್ ಅಲ್ಲಿ ಮಲಗುತ್ತಾನೆ. ಕಂಪನಿ ಒಂದು ತುಗ್ರಿಕ್ಕೂ ಬಿಚ್ಚಿಲ್ಲ. ಕಾಯುತ್ತಿದೆ, ಧರಣಿಯವರ ಡೀಸೆಲ್ ಮುಗಿಯಲೆಂದು. ದಿನಕ್ಕೆ ಹದಿನೈದು ಲೀಟರ್ ಬೇಕು, ಯಾಕೆಂದರೆ ಈಗ ಎಂಜಿನ್ ಆರಿಸುವಂತಿಲ್ಲ.

ನೋಡಲು ಬರುವವರು ಬಹಳ. ಕೊಳವೆಯಿಟ್ಟು ಹೊಗೆಬಿಡುತ್ತಾ ಓಡುವ ಗಾಡಿಯ ಮುಂದೆ ನಿಂತು ಫೋಟೊ ತೆಗೆದುಕೊಂಡು, ಚಹಾ ಕುಡಿದು, ಗೆಲುವು ನಿಮ್ಮದೇ ಎಂದು ಹೇಳಿ ಬೆಚ್ಚಗಿನ ಮನೆಗೆ ಹೋಗುತ್ತಾರೆ. ನೀವೂ ಇಷ್ಟು ಹೊತ್ತು ಓದಿದಿರಿ. ಓದಿದ್ದರಿಂದ ಎಂಜಿನ್ ಓಡುವುದಿಲ್ಲ. ಬರುವುದಾದರೆ ಇಪ್ಪತ್ತು ಲೀಟರಿನ ಡಬ್ಬ ಹೊತ್ತುಕೊಂಡು ಬನ್ನಿ, ಚಳಿಗಾಲದ ಡೀಸೆಲ್ಲೇ ಆಗಬೇಕು, ಬೇಸಿಗೆಯದು ಹೆಪ್ಪುಗಟ್ಟುತ್ತದೆ. ಅದಕ್ಕೆ ಕೈಲಾಗದಿದ್ದರೆ, ಗಾಡಿ ಸುತ್ತಿ ಬರುವ ಆ ಆರು ನಿಮಿಷ ಖಾಲಿ ಜಾಗದಲ್ಲಿ ಮುದುಕನ ಬದಲಿಗೆ ನೀವು ಮಲಗಿ. ಎರಡರಲ್ಲಿ ಯಾವುದು ನಿಮ್ಮದು, ಹೇಳಿ.