ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಗುರುಶಾಂತಪ್ಪ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರು ಇಂಟರ್‌ನೆಟ್ ಸೆಂಟರ್ ಇಟ್ಟಿರುವ ಗುರುಶಾಂತಪ್ಪನಿಗೆ, ಕೇಳಿದ್ದಕ್ಕೆ ಉತ್ತರ ಕೊಡದಿರುವುದು ಮನೆಗೆ ಬಂದವರನ್ನು ನೀರು ಕೊಡದೆ ಕಳಿಸಿದಷ್ಟೇ ದೊಡ್ಡ ತಪ್ಪು. ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರ್ರಿ?’ ಅಂದರೆ ಸಾಕು, ಊರು, ಮನೆದೇವರು, ಹೆಂಡತಿಯ ತವರು, ತಾನು ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆಯವರೆಗೂ ಹೇಳಿ ಮುಗಿಸುವಷ್ಟರಲ್ಲಿ ಹಡಗಲಿ ಬಂದಿರುತ್ತದೆ. ಕಂಪ್ಯೂಟರ್ ಕೇಳಿದರೂ ಅಷ್ಟೇ. ನೆಟ್ಟಿನಲ್ಲಿ ಗೆಳೆಯರನ್ನು ಹುಡುಕಲು ತಮ್ಮದೊಂದು ಪುಟ ತೆರೆಯುವ ಹುಡುಗರು ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ, ‘ಪಾಪ, ಪ್ಲೀಸ್ ಅಂತ ಕೇಳಾಕತ್ತೈತಿ, ಹೇಳದಿದ್ರ ಹೆಂಗ್ರಿ?’ ಎಂದು ತಾನೇ ತುಂಬುತ್ತಿದ್ದ. ಮಗಳು ಪುಷ್ಪಲತಾಳ ಪುಟವನ್ನೂ ಹಾಗೆಯೇ ತುಂಬಿದ: ಫೋಟೋ, ಮನೆಯ ಫೋನ್, ಕಾಲೇಜು, ದಿನಾ ಹತ್ತುವ ಬಸ್ಸು. ಮೊದಲು ಗುರುತಿಲ್ಲದವರ ಫೋನ್ ಬರತೊಡಗಿದವು. ಆಮೇಲೆ ಅವರೇ ಬಂದು ಬಸ್ಸಿನ ಬಳಿ ನಿಂತರು. ಹುಡುಗಿ ಕಾಲೇಜು ಬಿಟ್ಟಳು, ಅಪ್ಪನ ಜೊತೆ ಮಾತನ್ನೂ ಬಿಟ್ಟಳು. ಇದು ಗೊತ್ತಿಲ್ಲದವರು ಈಗಲೂ ಅಂಗಡಿಗೆ ಬಂದು, ‘ಮಗಳು ಹೆಂಗದಾಳ್ರಿ?’ ಎನ್ನುತ್ತಾರೆ. ‘ಆರಾಮದಾಳ್ರಿ, ಕಾಲೇಜಿಗೆ ಹೋಗ್ಯಾಳ’ ಎಂದು ಅವನು ಧೂಳಿಲ್ಲದ ಪರದೆಯನ್ನು ಒರೆಸತೊಡಗುತ್ತಾನೆ. ಅವನ ಬಾಯಿಂದ ಇಷ್ಟು ಚಿಕ್ಕ ಉತ್ತರವನ್ನು ನಾವು ಹಿಂದೆಂದೂ ಕೇಳಿದವರಲ್ಲ.