ಗುರೂಜಿ ಹೇಳಿದ್ದು, ನಾನು ಕತ್ತರಿಸಿದ್ದು

ಪದ್ಮಕ್ಕ ಬೇಕೆಂದು ಕೇಳಿದ ರೆಕಾರ್ಡಿಂಗ್ ನನ್ನ ಹತ್ತಿರವೇ ಇತ್ತು. ಅಳಿಸಿ ಹೋಗಿದೆ ಎಂದು ನಾನು ಹೇಳಿದ್ದು ಸುಳ್ಳು.

ಆ ಸುಳ್ಳನ್ನು ಎರಡು ವರ್ಷ ಇಟ್ಟುಕೊಂಡೆ. ಯಾರೂ ನನ್ನನ್ನು ಹಿಡಿಯಲಿಲ್ಲ. ಹಿಡಿಯುವವರು ಯಾರಿದ್ದರು? ಮಾತು ಆಡಿದವರು ತೀರಿಕೊಂಡಿದ್ದರು. ಕೇಳಿಸಿಕೊಂಡವರು ಪದ್ಮಕ್ಕ ಒಬ್ಬರೇ. ಮೆಮರಿ ಕಾರ್ಡ್ ಇಚಲಕರಂಜಿ ಪಕ್ಕದ ಕಬನೂರಿನ ನಮ್ಮ ಮನೆಯ ಟಿವಿ ಕೆಳಗಿನ ಖಾನೆಯಲ್ಲಿತ್ತು. ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಡೆದದ್ದನ್ನು ಬರೆಯುತ್ತೇನೆ.

ಇಚಲಕರಂಜಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಶೈಲಾ ಅಕ್ಕೋರು ನಿವೃತ್ತರಾದ ಮೇಲೆ ತಮ್ಮೂರು ಗಡಹಿಂಗ್ಲಜಕ್ಕೆ ಹೋದರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಪಾಡ್‌ಕಾಸ್ಟ್ ಶುರು ಮಾಡಿದರು. ಪುಸ್ತಕ ಬರೆದವರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುವವರು, ಹೊಸದಾಗಿ ಬಂದ ಪುಸ್ತಕಗಳು — ಬೇರೆ ವಿಷಯ ಇಲ್ಲ. ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆಂದು ಯಾರೋ ಅವರಿಗೆ ಹೇಳಿದ್ದರು. ಫೋನ್ ಮಾಡಿದರು.

“ಮಲ್ಲೂ, ಧ್ವನಿ ಕತ್ತರಿಸಾಕ ಬರ್ತೈತೇನೋ?”

“ವಿಡಿಯೋನ ಬರ್ತೈತ್ರಿ ಅಕ್ಕೋರ. ಧ್ವನಿ ಅಂದ್ರ ಅದರ ಅರ್ಧಾ ಕೆಲಸ.”

“ಶಾಣ್ಯಾ ಭಾಳ ಆಗೀದಿ. ಬಾ ಹಂಗಾರ. ಒಂದ ಮಾತು — ಕತ್ರಿ ಹಾಕೂ ಮೊದ್ಲ ಪೂರ್ತಿ ಕೇಳಬೇಕು. ಮೊದಲಿಂದ ಕಡೀತನಕ. ತಿಳೀತ?”

“ಹೂಂನ್ರಿ.”

ಆ ‘ಹೂಂ’ ಅನ್ನು ನಾನು ಒಂದು ಸಲವೂ ನಡೆಸಲಿಲ್ಲ.

ಮದುವೆ ವಿಡಿಯೋ ಬಿಡುವಿನ ಕೆಲಸ. ಹೊಟ್ಟೆಪಾಡಿಗೆ ಕಾರಖಾನೆಯಲ್ಲಿ ಮಗ್ಗದಿಂದ ಇಳಿದ ಬಟ್ಟೆಯನ್ನು ತಪಾಸಣೆ ಮಾಡುತ್ತೇನೆ. ಬಟ್ಟೆಯನ್ನು ಮೇಜಿನ ಮೇಲೆ ಎಳೆಯುತ್ತಾ ಹೋಗಬೇಕು. ಎಲ್ಲಿ ತೆಳ್ಳಗಾಗಿದೆ, ಎಲ್ಲಿ ನೂಲು ತಪ್ಪಿದೆ — ಕಣ್ಣಿಗೆ ಬಿದ್ದ ಕೂಡಲೇ ಕತ್ತರಿ, ಮುಂದೆ. ನಿಂತು ಯೋಚಿಸುವವನು ಆ ಕೆಲಸಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪ್ ಪರದೆಯ ಮೇಲೆ ಧ್ವನಿಯೂ ಬಟ್ಟೆಯ ಪಟ್ಟಿಯ ಹಾಗೇ ಕಾಣುತ್ತದೆ. ದಪ್ಪ ಇದ್ದಲ್ಲಿ ಮಾತು. ತೆಳ್ಳಗಿದ್ದಲ್ಲಿ ಏನೂ ಇಲ್ಲ — ಹಾಗೆಂದು ನಾನು ತಿಳಿದೆ. ಕೇಳುವುದೇಕೆ? ಕಣ್ಣಿನಿಂದಲೇ ನೋಡಿ ತೆಳ್ಳನೆಯದನ್ನೆಲ್ಲ ತೆಗೆದು ಬಿಸಾಡಿದೆ. ಒಂದೂವರೆ ತಾಸಿನ ಮಾತು ನಲವತ್ತು ನಿಮಿಷಕ್ಕೆ ಇಳಿಯುತ್ತಿತ್ತು. ಕೇಳಿದವರು ‘ಸಾಫ್ ಐತಿ’ ಎಂದರು. ಅಕ್ಕೋರು ಪ್ರತಿ ಸಂಚಿಕೆಯ ಕೊನೆಗೆ ನನ್ನ ಹೆಸರು ಹೇಳತೊಡಗಿದರು. ಕಾರಖಾನೆಯ ಗೆಳೆಯರು ಚಾಷ್ಟಿ ಮಾಡಿದರು — “ಕಾಯ್ ಎಡಿಟರ್ ಸಾಹೇಬ, ನಮ್ದೂ ಒಂದ್ ಮುಲಾಖತ್ ತಗೋರಿ, ನಾವೂ ಭಾಳ ಬಟ್ಟಿ ಬರ್ದೇವಿ!” ನಾನು ಅವರಿಗೆ ಬೈದೆ. ಆದರೆ ಆ ಹೆಸರು ನನಗೆ ಹಿಡಿಸಿತ್ತು. ಅದನ್ನೂ ಹೇಳಿಬಿಡಬೇಕು.

ಆಮೇಲೆ ಆ ದಿನ.

‘ಮಾಳಗಿ ಮ್ಯಾಲಿನ ಎಮ್ಮಿ’ ಎಂಬ ಮಕ್ಕಳ ಪುಸ್ತಕ ಆಗಷ್ಟೇ ಬಂದಿತ್ತು. ಕೃಷ್ಣಾ ನದಿ ಕುರುಂದವಾಡದ ಓಣಿಗೆ ನುಗ್ಗಿದಾಗ ಒಂದು ಎಮ್ಮೆಯನ್ನು ಮೆಟ್ಟಿಲು ಹತ್ತಿಸಿ ಮಾಳಿಗೆಯ ಮೇಲೆ ನಿಲ್ಲಿಸುತ್ತಾರೆ. ನೀರು ಇಳಿಯುವವರೆಗೆ ಅದು ಅಲ್ಲಿಂದ ಊರನ್ನು ನೋಡುತ್ತದೆ. ಅಷ್ಟೇ ಕಥೆ. ಕವರ್ ಮೇಲೆ ಬಾಳಪ್ಪ ಗುರೂಜಿಯವರ ಹೆಸರು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಚಿತ್ರಗಳು: ಪದ್ಮಾವತಿ’. ಗುರೂಜಿ ಗಡಹಿಂಗ್ಲಜದವರು, ಎಂಬತ್ತರ ಹತ್ತಿರದ ಮನುಷ್ಯ, ಹತ್ತಾರು ಪುಸ್ತಕ ಬರೆದವರು. ಪದ್ಮಕ್ಕ ಕುರುಂದವಾಡದವರು, ಜೈನರ ಒಕ್ಕಲುತನದ ಮನೆಯವರು, ಐವತ್ತು ದಾಟಿದವರು. ಅದು ಅವರ ಮೊದಲ ಪುಸ್ತಕ. ಇಬ್ಬರೂ ಅಕ್ಕೋರ ಮನೆಗೆ ಬಂದು ಮೈಕಿನ ಮುಂದೆ ಕುಳಿತರು. ಗುರೂಜಿ ಮಾತಾಡಿದರು, ಪದ್ಮಕ್ಕ ‘ಹೌದ್ರಿ’ ‘ಹೌದ್ರಿ’ ಎಂದರು.

ನಡುವೆ ಅಕ್ಕೋರು ಚಹಾ ಮಾಡಲು ಒಳಗೆ ಹೋದರು. ಪಕ್ಕದ ಮನೆಯವರು ಮಿಕ್ಸರ್ ಹಚ್ಚಿದ್ದರು, ನಿಲ್ಲಿಸಿರಿ ಎನ್ನಲು ನಾನು ಹೊರಗೆ ಹೋದೆ. ರೆಕಾರ್ಡರ್ ಬಂದ್ ಮಾಡಲಿಲ್ಲ. ನಾನು ಎಂದೂ ಬಂದ್ ಮಾಡುತ್ತಿರಲಿಲ್ಲ. ಚಹಾದ ಸಲುವಾಗಿ ನಮ್ಮಲ್ಲಿ ಯಾರೂ ಮಗ್ಗ ನಿಲ್ಲಿಸುವುದಿಲ್ಲ, ಅದೇ ರೂಢಿ.

ಕಬನೂರಿಗೆ ಬಂದು ಆ ತೆಳ್ಳನೆಯ ಭಾಗವನ್ನು ನೋಡಿದೆ. ಸುಮಾರು ನಾಲ್ಕು ನಿಮಿಷ. ಖಾಲಿ ಕೋಣೆ ಎಂದುಕೊಂಡೆ. ತೆಗೆದೆ. “ಪೂರ್ತಿ ಕೇಳಿದಿಯೇನೋ?” ಎಂದು ಅಕ್ಕೋರು ಕೇಳಿದಾಗ “ಕೇಳೇನ್ರಿ” ಎಂದೆ.

ಇಲ್ಲಿಯವರೆಗೆ ಅದು ಸೋಮಾರಿತನ. ಮುಂದಿನದು ಬೇರೆ.

ಗುರೂಜಿ ಆ ತಿಂಗಳೇ ಹಾಸಿಗೆ ಹಿಡಿದರು, ಮೇಲೇಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಪುಸ್ತಕ ಚೆನ್ನಾಗಿ ಓಡಿತು, ಎರಡನೆಯ ಮುದ್ರಣ ಆಗುತ್ತಿದೆ ಎಂದು ಸುದ್ದಿ ಬಂತು. ಆಗ ಪದ್ಮಕ್ಕ ನನಗೆ ಫೋನ್ ಮಾಡಿದರು. ಹಿಂದೆಂದೂ ಮಾಡಿದವರಲ್ಲ.

“ತಮ್ಮಾ, ಆವತ್ತ ಚಾ ಆಗೂಮುಂದ ನಿಮ್ಮ ಮಶಿನ್ ಚಾಲೂ ಇತ್ತಲ್ಲ?”

“ಇತ್ತ್ರೀ ಅಕ್ಕಾ. ಯಾಕ್ರಿ?”

“ಗುರೂಜಿ ಒಂದ ಮಾತ ಅಂದಿದ್ರು. ಪ್ರಕಾಶಕರು ನಂಬವಲ್ರು. ‘ಹಂಗ ಅಂದಿದ್ರ ಪಾಡ್‌ಕಾಸ್ಟ್‌ನ್ಯಾಗ ಇರ್ತಿತ್ತಲ್ಲ, ನಾವೂ ಕೇಳೇವಿ’ ಅಂತಾರ. ಅದನ್ನಷ್ಟ ತಗದ ಕೊಡ್ತೀಯೇನಪಾ?”

ನೋಡಿ ಹೇಳುತ್ತೇನೆ ಎಂದೆ. ಕಾರ್ಡ್ ಹಾಕಿದೆ, ಧ್ವನಿ ಏರಿಸಿದೆ. ಮೊದಲ ಸಲ — ಕಿವಿಯಿಂದ ಕೇಳಿದೆ.

ದೂರದಲ್ಲಿ ಮಿಕ್ಸರ್. ಆಮೇಲೆ ಅದು ನಿಲ್ಲುತ್ತದೆ. ಗುರೂಜಿಯವರ ಧ್ವನಿ ಬರುತ್ತದೆ, ಸಣ್ಣಗೆ, ಮೈಕಿನಿಂದ ಹಿಂದೆ ಸರಿದು ಕುಳಿತವರ ಧ್ವನಿ.

“ಪದ್ಮಾ, ಮಶಿನ್ನಿನ ಲಾಲ್ ದಿವಾ ಹತ್ತೈತಿ. ಚಲೋ ಆತು. ಶೈಲಾಬಾಯಿ ಮುಂದ ಅನ್ನಾಕ ನನಗ ನಾಚಿಕಿ. ಈ ಮಶಿನ್ ಕೇಳ್ಲಿ. ಕಥಿ ನಂದಲ್ಲವಾ. ಹದಿನಾಕ ಚಿತ್ರ ನೀ ಸಾಲಾಗಿ ಇಟ್ಟಿದ್ದಿ, ಕಥಿ ಅಲ್ಲೇ ಮುಗಿದಿತ್ತು. ನಾ ಕೆಳಗ ಅಕ್ಷರ ಬರ್ದೆ, ಅಷ್ಟ. ಕವರ್ ಮ್ಯಾಲೆ ನಿನ್ನ ಹೆಸರು ಮೊದ್ಲ ಬರಬೇಕಿತ್ತು. ಪ್ರಕಾಶಕರು ಬರೇ ನಂದ ಹಾಕಿದ್ರು, ನಾ ಸುಮ್ನಿದ್ದೆ. ಮುಂದಿನ ಛಪಾಯಿಗೆ ಸರಿ ಮಾಡಸ್ತೀನಿ.”

ಆಮೇಲೆ ಪದ್ಮಕ್ಕ: “ಇರ್ಲಿ ಬಿಡ್ರಿ ಗುರೂಜಿ. ಎಮ್ಮಿ ಯಾರದಾದ್ರೇನು.” ಇಬ್ಬರೂ ನಗುತ್ತಾರೆ. ಕಪ್ಪು-ಬಸಿಗಳ ಸದ್ದು. ಅಕ್ಕೋರು ಬರುತ್ತಾರೆ.

ಇದನ್ನು ನಾನು ಕತ್ತರಿಸಿದ್ದೆ.

ಕೊಟ್ಟುಬಿಡುವುದು ಏನು ದೊಡ್ಡ ಮಾತಾಗಿತ್ತು? ಕೊಟ್ಟರೆ — ಇದು ಯಾಕೆ ಸಂಚಿಕೆಯಲ್ಲಿ ಇಲ್ಲ ಎಂದು ಅಕ್ಕೋರು ಕೇಳುತ್ತಿದ್ದರು. ಕೇಳಿಯೂ ತೆಗೆದೆ ಎಂದರೆ ನಾನು ಹಲ್ಕಟ್. ಕೇಳಲೇ ಇಲ್ಲ ಎಂದರೆ ಎಲ್ಲ ಸಂಚಿಕೆಗಳೂ ಸುಳ್ಳು. ಆ ಸಾಫ್ ಕೆಲಸ, ಕೊನೆಗೆ ಬರುವ ಹೆಸರು... ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮಧ್ಯಾಹ್ನ ಕಾರಖಾನೆಯ ಹೊರಗೆ ನಿಂತು ಫೋನ್ ಮಾಡಿದೆ.

“ಇಲ್ರೀ ಅಕ್ಕಾ. ಅಳಿಸಿ ಹೋಗೇತಿ.”

“ಹೌದಾ?” ಎಂದರು. ಆಮೇಲೆ, “ಇರ್ಲಿ ಬಿಡಪಾ. ನಿಂದೇನ ತಪ್ಪು?” ಎಂದರು.

ಎರಡನೆಯ ಮುದ್ರಣ ಹಳೆಯ ಕವರ್‌ನಲ್ಲೇ ಬಂತು. ಶಾಲೆಗಳಿಗೆ ಹೋಯಿತು. ಅಕ್ಕೋರು ನನ್ನ ಎದುರಿಗೇ ಆ ಸುದ್ದಿ ಓದಿದರು, ನಾನು ಅದರ ಹಿಂದೆ ಮುಂದೆ ಸಂಗೀತ ಹಾಕಿದೆ.

ಈ ವರ್ಷ ಅಕ್ಕೋರು ಮಕ್ಕಳ ಪುಸ್ತಕದ ಚಿತ್ರಕಾರರ ಬಗ್ಗೆಯೇ ನಾಲ್ಕು ಸಂಚಿಕೆ ಮಾಡಬೇಕೆಂದರು. ಪದ್ಮಕ್ಕ ಫೋನಿನಲ್ಲಿ ಒಲ್ಲೆ ಎಂದಿದ್ದರು. “ನೀ ಹತ್ರದಾಂವ, ಹೋಗಿ ಕರ್ಕೊಂಡ ಬಾ” ಎಂದು ಅಕ್ಕೋರು ನನ್ನನ್ನು ಕಳಿಸಿದರು. ಕುರುಂದವಾಡಕ್ಕೆ ಹೋದೆ. ಪದ್ಮಕ್ಕ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದರು. ನನಗೂ ಒಂದು ಹಿಡಿ ಕೊಟ್ಟರು. ಗೋಡೆಯ ಮೇಲೆ ಚಿತ್ರ ಯಾವುದೂ ಇರಲಿಲ್ಲ.

“ಈಗ ಏನ್ ಚಿತ್ರ ತಗೀತೀರಿ ಅಕ್ಕಾ?”

“ಬಿಟ್ಟೇನಿ. ಕೈ ಏಳವಲ್ದು.”

“ಅಕ್ಕೋರು ಭಾಳ ಹೇಳ್ಯಾರ. ನೀವು ಬರಾಕ ಬೇಕಂತ.”

“ಬಂದು ಏನ್ ಹೇಳ್ಲಿ ತಮ್ಮಾ? ಒಂದ ಪುಸ್ತಕ. ಅದೂ ಗುರೂಜಿ ಹೇಳಿದ್ದನ್ನ ಈಕಿ ತಗದಾಳ ಅಂತಾರ ಎಲ್ಲಾರೂ. ಮನ್ಯಾಗ ನಮ್ಮ ಯಜಮಾನ್ರೂ ಅಂತಾರ.” ಶೇಂಗಾ ಒಡೆಯುವುದನ್ನು ನಿಲ್ಲಿಸಿದರು. “ಈಗೀಗ ನನಗೂ ಹಂಗ ಅನಸ್ತೈತಿ. ಗುರೂಜಿ ಆವತ್ತ ಖರೇನ ಅಂದ್ರೋ, ನಾನ ಮನಸಿನ್ಯಾಗ ಹುಟ್ಟಸ್ಕೊಂಡ್ನೋ. ನೀರ ಬಂದಾಗ ಎಮ್ಮಿ ಮಾಳಗಿ ಮ್ಯಾಲೆ ನಿಂತಿದ್ದನ್ನ ನಾ ಕಂಡೇನಿ. ಆದ್ರೂ... ಗೊತ್ತಿಲ್ಲಪಾ. ಎಷ್ಟಂತ ನಾ ಒಬ್ಬಾಕಿನ ಖರೆ ಅಂತ ಹಿಡಕೊಂಡ ಕುಂಡ್ರಲಿ.”

ಕವರ್ ಮೇಲಿನ ಹೆಸರನ್ನು ನಾನು ತಪ್ಪಿಸಿದ್ದೇನೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅಷ್ಟೇ ಅಲ್ಲ. ಈ ಹೆಂಗಸು ತಾನು ಕೇಳಿದ್ದನ್ನು ತಾನೇ ನಂಬದ ಹಾಗೆ ಮಾಡಿದ್ದೆ. ಅವರ ತಲೆಯೊಳಗಿನದನ್ನೂ ಕತ್ತರಿಸಿದ್ದೆ.

ಆಗಲೂ ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಶೇಂಗಾ ತಿಂದೆ, ನೀರು ಕುಡಿದೆ, ಬಸ್ ಹತ್ತಿದೆ. ಜಯಸಿಂಗಪುರದ ಸ್ಟ್ಯಾಂಡಿನಲ್ಲಿ ಇಳಿದು ಇಚಲಕರಂಜಿಯ ಬಸ್ಸಿಗೆ ನಿಂತೆ. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು. ಅದನ್ನು ಹತ್ತಿ ಮನೆಗೆ ಹೋಗಿ, ಕಾರ್ಡ್ ತೆಗೆದುಕೊಂಡು, ಮರುದಿನ ಬೆಳಿಗ್ಗೆ ಮತ್ತೆ ಕುರುಂದವಾಡಕ್ಕೆ ಹೋದೆ.

“ಮತ್ತ ಯಾಕ ಬಂದಿ? ಅಕ್ಕೋರು ಬೈದ್ರೇನ?”

“ಇಲ್ರೀ. ಅಳಿಸಿ ಹೋಗೇತಿ ಅಂದಿದ್ದೆ. ಸುಳ್ಳ ಅದು. ಇಲ್ಲೇ ಐತಿ.”

ಅವರಿಗೆ ತಿಳಿಯಲಿಲ್ಲ. ನಾನು ವಿವರಿಸಲೂ ಇಲ್ಲ. ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಚ್ಚಿದೆ.

ಪದ್ಮಕ್ಕ ಕೇಳಿದರು. ಗುರೂಜಿಯವರ ಮಾತಿಗೆ ತಲೆ ಎತ್ತಲಿಲ್ಲ. ತಮ್ಮದೇ ಧ್ವನಿ ಬಂದಾಗ — ‘ಎಮ್ಮಿ ಯಾರದಾದ್ರೇನು’ — ಆಗ ಸೆರಗು ಬಾಯಿಗೆ ಹಿಡಿದರು.

“ಹಂಗ ಅನ್ನಬಾರದಿತ್ತ ನಾ,” ಎಂದರು. “ನನ್ನ ಎಮ್ಮಿ ಅನ್ನಬೇಕಿತ್ತು.”

ಆಮೇಲೆ ನನ್ನ ಕಡೆ ತಿರುಗಿದರು.

“ಎರಡ ವರ್ಷ ಇದು ನಿನ್ನ ಹತ್ರ ಇತ್ತೇನ?”

“ಹೂಂನ್ರಿ.”

“ನಿನ್ನೆ ಬಂದಾಗೂ ಗೊತ್ತಿತ್ತೇನ?”

“ಗೊತ್ತಿತ್ರಿ.”

“ಇನ್ನೊಮ್ಮೆ ಹಚ್ಚು,” ಎಂದರು. ಹಚ್ಚಿದೆ. ಮುಗಿದ ಮೇಲೆ ಹೇಳಿದರು — “ಇದನ್ನ ನನ್ನ ಫೋನಿಗೆ ಹಾಕಿ ಹೋಗು. ನಿನ್ನ ಮಾರಿ ನೋಡಾಕ ಈಗ ನನ್ನ ಕಡಿಂದ ಆಗೂದಿಲ್ಲ.”

ಹಾಕಿಕೊಟ್ಟು ಎದ್ದು ಬಂದೆ.

ಅದೇ ವಾರ ಗಡಹಿಂಗ್ಲಜಕ್ಕೆ ಹೋಗಿ ಅಕ್ಕೋರಿಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರ ಆಗುತ್ತಿತ್ತೇನೋ.

“ಇದೊಂದನ ಏನ, ಇನ್ನೂ ಅದಾವ?” ಎಂದು ಕೇಳಿದರು.

“ಗೊತ್ತಿಲ್ರೀ ಅಕ್ಕೋರ. ನಾ ಯಾವದನ್ನೂ ಪೂರ್ತಿ ಕೇಳಿಲ್ಲ.”

“ಮತ್ತ ಯಾರ್ಯಾರು ಏನೇನ ಅಂದಿದ್ರೋ, ದೇವರಿಗೇ ಗೊತ್ತು.” ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಪಾಡ್‌ಕಾಸ್ಟ್ ಕೇಳೂ ಮಂದಿ ಮುಂದ ನೀನ ಬರದ ಹೇಳು. ನಾ ನಿನ್ನ ಪರವಾಗಿ ಹೇಳಾಂಗಿಲ್ಲ.”

ಅದಕ್ಕೇ ಇದನ್ನು ಬರೆದೆ. ಆ ಸಂಚಿಕೆಯನ್ನು ಕತ್ತರಿಸದೆ ಮತ್ತೆ ಹಾಕಿದ್ದೇವೆ, ಮಿಕ್ಸರ್ ಸದ್ದಿನ ಸಮೇತ. ಕೊನೆಗೆ ನನ್ನ ಹೆಸರಿಲ್ಲ. ಬೇಡ ಎಂದು ನಾನೇ ಹೇಳಿದೆ. ಪ್ರಕಾಶಕರಿಗೆ ಅಕ್ಕೋರು ಕಳಿಸಿದ್ದಾರೆ. ‘ಮುಂದಿನ ಮುದ್ರಣ ಬಂದಾಗ ನೋಡೋಣ’ ಎಂದು ಉತ್ತರ ಬಂದಿದೆ. ಆ ಮುದ್ರಣ ಯಾವಾಗ, ಆಗುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಕೊಟ್ಟಿದ್ದರೆ ಎರಡನೆಯ ಮುದ್ರಣ ಯಂತ್ರಕ್ಕೆ ಹೋಗುವ ಮೊದಲೇ ಕವರ್ ಬದಲಾಗುತ್ತಿತ್ತು.

ಈಗ ನಾನು ಹಳೆಯ ರೆಕಾರ್ಡಿಂಗ್‌ಗಳನ್ನು ಒಂದೊಂದಾಗಿ ಕೇಳುತ್ತಿದ್ದೇನೆ. ಪಾಳಿ ಮುಗಿದ ಮೇಲೆ, ದಿನಕ್ಕೆ ಒಂದು, ಮೊದಲಿನಿಂದ ಕೊನೆಯವರೆಗೆ. ಹೆಚ್ಚಿನವುಗಳಲ್ಲಿ ತೆಳ್ಳನೆಯ ಭಾಗದಲ್ಲಿ ಏನೂ ಇರುವುದಿಲ್ಲ — ಕೆಮ್ಮು, ಕುರ್ಚಿ ಸರಿದ ಸದ್ದು. ಹನ್ನೊಂದು ಮುಗಿದಿವೆ.

ಪದ್ಮಕ್ಕನಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಬೇಕೆಂದು ಕೇಳಲು ನಾನು ಯಾರು? ಇನ್ನು ನಾನಾಗಿ ಮಾಡುವುದಿಲ್ಲ.